ಏಳು ಸೆಕೆಂಡಿನ ‘ಆ’

ದಿನಾ ಬೆಳಗ್ಗೆ ಚಹಾಕ್ಕೆ ನೀರಿಡುವ ಮೊದಲು ನಾನು ಒಂದು ಸ್ಟೀಲ್ ಲೋಟಕ್ಕೆ ಅರ್ಧದಷ್ಟು ನೀರು ಹಾಕಿಕೊಂಡು, ಅದರಲ್ಲೊಂದು ಸ್ಟ್ರಾ ಇಳಿಬಿಟ್ಟು, ‘ಊ’ ಎಂದು ಊದುತ್ತೇನೆ. ನೀರು ಗುಳುಗುಳು ಅನ್ನುತ್ತದೆ. ಐವತ್ತೊಂದು ವರ್ಷದ ಹೆಂಗಸು, ಅದರಲ್ಲೂ ಗಣಿತದ ಟೀಚರ್, ಬೆಳಗಿನ ಹೊತ್ತು ಮಾಡುವ ಕೆಲಸವಲ್ಲ ಇದು, ಒಪ್ಪುತ್ತೇನೆ. ಹೈದರಾಬಾದಿನ ಕುಷಾಯಿಗೂಡದ ನಮ್ಮ ಅಡುಗೆಮನೆಯ ಕಿಟಕಿ ಪಕ್ಕದ ಮನೆಯ ವರಾಂಡಕ್ಕೆ ಎದುರಾಗಿದೆ. ಅಲ್ಲಿ ಕೂತು ಪೇಪರ್ ಓದುವ ಹಿರಿಯರು ಮೊದಮೊದಲು ಪೇಪರ್ ಕೆಳಗಿಳಿಸಿ ನೋಡುತ್ತಿದ್ದರು. ಈಗ ನೋಡುವುದಿಲ್ಲ. ಯಾವತ್ತಾದರೂ ಗುಳುಗುಳು ತಡವಾದರೆ ಮಾತ್ರ ಟೀಚರ್ ಆರೋಗ್ಯ ಹೇಗಿದೆ ಎಂದು ನಮ್ಮ ಮನೆಯವರನ್ನು ವಿಚಾರಿಸುತ್ತಾರಂತೆ.

ಇದು ದನಿಗೆ ಕೊಟ್ಟ ವ್ಯಾಯಾಮ. ಮೊಣಕಾಲಿಗೆ, ಸೊಂಟಕ್ಕೆ ವ್ಯಾಯಾಮ ಇರುವ ಹಾಗೆ ದನಿಗೂ ಇರುತ್ತದೆ ಎನ್ನುವುದು ಈ ಬೇಸಿಗೆಯವರೆಗೆ ನನಗೆ ಗೊತ್ತಿರಲಿಲ್ಲ. ದನಿ ಎಂದರೆ ಬಾಯಿ ತೆರೆದರೆ ಬರುವಂಥದ್ದು, ಅಷ್ಟೆ. ಅದನ್ನೂ ಕೂರಿಸಿಕೊಂಡು ಅಳೆಯುತ್ತಾರೆ, ಅದಕ್ಕೂ ಮಾರ್ಕ್ಸ್ ಹಾಕುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಾನು ಬನಹಟ್ಟಿಯವಳು ನೋಡಿ. ನಮ್ಮ ಕಡೆ ಬೇರೆ ಏನಕ್ಕೆ ಬರ ಬಂದರೂ ದನಿಗೆ ಬಂದದ್ದಿಲ್ಲ.

ನಮ್ಮ ಮನೆಯಲ್ಲಿ ನಾಲ್ಕು ಪಾವರಲೂಮ್ ಇದ್ದವು. ಪಡಸಾಲೆ ಪೂರ್ತಿ ಅವುಗಳದೇ. ಉಳಿದ ಜಾಗದಲ್ಲಿ ನಾವು ಉಣ್ಣುವುದು, ಓದುವುದು, ಜಗಳಾಡುವುದು. ಬೆಳಗಿನಿಂದ ಸಂಜೆಯತನಕ ಖಟಖಟ ಎಂದು ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅವ್ವ ‘ಉಪ್ಪು ಕೊಡು’ ಅನ್ನಬೇಕಾದರೂ ಹೊಟ್ಟೆಯಿಂದ ಉಸಿರೆಳೆದುಕೊಂಡು ಅನ್ನಬೇಕು. ಅಪ್ಪ ದೇವರ ಮುಂದೆ ಕೂತು ಬೇಡಿಕೊಳ್ಳುವುದು ಬೀದಿಗೆಲ್ಲ ಕೇಳಿಸುತ್ತಿತ್ತು. ಹೊಸದಾಗಿ ಬಂದ ನೆಂಟರು ಮೊದಲ ಅರ್ಧ ಗಂಟೆ, ಇವರಿಗೆ ನಮ್ಮ ಮೇಲೆ ಏನೋ ಸಿಟ್ಟಿದೆ ಎಂದುಕೊಂಡು ಚಹಾ ಕುಡಿಯಲೂ ಹೆದರುತ್ತಿದ್ದರು.

ತೊಂದರೆ ಬರುತ್ತಿದ್ದದ್ದು ಕರೆಂಟು ಹೋದಾಗ. ನಾಲ್ಕೂ ಮಗ್ಗ ಒಂದೇ ಸಲಕ್ಕೆ ನಿಂತುಬಿಡುತ್ತಿದ್ದವು, ಅರ್ಧಕ್ಕೆ ಬಂದ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಚಿಗವ್ವ ಅವ್ವನ ಕಿವಿಯ ಹತ್ತಿರ ಬಾಗಿ ಗುಟ್ಟೊಂದನ್ನು ಹೇಳುತ್ತಿದ್ದಳು. ಮಗ್ಗದ ನಡುವೆ ಗುಟ್ಟನ್ನೂ ಕೂಗಿಯೇ ಹೇಳಬೇಕು. “ಆ ಗೌರಕ್ಕ ಮಾಡಿದ ಹೋಳಿಗಿ ಚರ್ಮ ಇದ್ದಂಗ ಇತ್ತು, ಜಗ್ಗಿ ಜಗ್ಗಿ ನನ್ನ ದವಡಿ ನೋವು ಬಂತು” ಎನ್ನುವ ಮಾತಿನ ನಡುವೆಯೇ ಕರೆಂಟು ಹೋಯಿತು. ‘ಹೋಳಿಗಿ ಚರ್ಮ ಇದ್ದಂಗ ಇತ್ತು’ ಎನ್ನುವುದರಿಂದ ಮುಂದಿನದೆಲ್ಲ ನಿಶ್ಶಬ್ದದ ಮನೆಯಲ್ಲಿ ಢಾಳಾಗಿ ಕೇಳಿಸಿತು. ಬಾಗಿಲಲ್ಲಿ ಪಕ್ಕದ ಮನೆಯ ಗೌರಕ್ಕನೇ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. “ಇವು ಇವತ್ತಿನವು ಅದಾವು, ಮೆತ್ತಗ ಬಂದಾವು. ಇವನ್ನರ ತಿಂದು ನೋಡು” ಎಂದು ಡಬ್ಬಿಯನ್ನು ಚಿಗವ್ವನ ಕೈಗೆ ಕೊಟ್ಟು ಹೋದಳು. ಹೋಳಿಗೆಯೆಂದರೆ ಇವತ್ತಿಗೂ ನನಗೆ ಮೊದಲು ನೆನಪಾಗುವುದು ಚಿಗವ್ವನ ಮುಖ.

ಇಂಥ ಮನೆಯಿಂದ ಬಂದವಳ ದನಿ ಕೆಡುತ್ತದೆ ಎಂದರೆ ಯಾರು ನಂಬಬೇಕು? ನಾನೇ ನಂಬಲಿಲ್ಲ. ನಮ್ಮ ಮನೆಯವರಿಗೆ ಇಲ್ಲಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನೌಕರಿ. ಮದುವೆಯಾಗಿ ಹೈದರಾಬಾದಿಗೆ ಬಂದವಳು ಹತ್ತಿರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡಲು ಸೇರಿದೆ. ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ಕೊನೆಯ ಪೀರಿಯಡ್ಡಿನಲ್ಲಿ ದನಿ ಒಡೆಯತೊಡಗಿತು. ಧೂಳು ಎಂದುಕೊಂಡೆ. ಸಂಕ್ರಾಂತಿಯ ಹೊತ್ತಿಗೆ ನಾಲ್ಕನೇ ಪೀರಿಯಡ್ಡಿಗೇ ಹೋಗತೊಡಗಿತು. ಶುಂಠಿ, ಜ್ಯೇಷ್ಠಮಧು, ಅರಿಶಿನದ ಹಾಲು, ಉಪ್ಪುನೀರು ಎಲ್ಲ ಆಯಿತು. ಪರೀಕ್ಷೆ ಹತ್ತಿರ ಬಂದಾಗ ನಾನು ‘ತ್ರಿಕೋನ’ ಎಂದರೆ ‘ತ್ರಿ’ ಮಾತ್ರ ಹೊರಗೆ ಬಂದು, ‘ಕೋನ’ ಗಂಟಲಲ್ಲೇ ಉಳಿಯುತ್ತಿತ್ತು. ಮಕ್ಕಳು ಪಾಪ, ಬೋರ್ಡು ನೋಡಿ ಪೂರ್ತಿ ಮಾಡಿಕೊಳ್ಳುತ್ತಿದ್ದರು.

ಬೇಸಿಗೆ ರಜೆಗೆ ಮುಂಚೆ ಹೆಡ್‌ಮಿಸ್ಟ್ರೆಸ್ ಕರೆದರು. ಒಳ್ಳೆಯ ಹೆಂಗಸು, ಕೂರಿಸಿ ನೀರು ಕೊಟ್ಟು ಮಾತಾಡಿದರು. “ರಜೆಯಲ್ಲಿ ಚೆನ್ನಾಗಿ ತೋರಿಸಿಕೊಳ್ಳಿ ಗಿರಿಜಾ ಟೀಚರ್. ಜೂನಿನಲ್ಲಿ ಒಂದು ದಿನ ಕ್ಲಾಸ್ ತೆಗೆದುಕೊಳ್ಳಿ, ನೋಡೋಣ. ಆಗದಿದ್ದರೆ ಚಿಂತೆ ಬೇಡ, ಆಫೀಸಿನಲ್ಲಿ ಪರೀಕ್ಷೆ ವಿಭಾಗ ನೋಡಿಕೊಂಡಿರಿ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತನೆಯ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಪರೀಕ್ಷೆ ವಿಭಾಗವೆಂದರೆ ಕಿಟಕಿಯಿಲ್ಲದ ಒಂದು ಕೋಣೆ, ನಾಲ್ಕು ಕಪಾಟು, ಒಂದು ಪ್ರಿಂಟರ್. ಭಿನ್ನರಾಶಿಯೆಂದರೆ ಅಳುತ್ತಿದ್ದ ಹುಡುಗಿ ಒಂದು ದಿನ ಇದ್ದಕ್ಕಿದ್ದಂತೆ ತಲೆಯೆತ್ತಿ ‘ಓ, ಇಷ್ಟೇನಾ’ ಅನ್ನುವುದನ್ನು ಕೇಳಲು ನಾನು ಇಪ್ಪತ್ತೆರಡು ವರ್ಷ ಶಾಲೆಗೆ ಹೋಗಿದ್ದೆ. ಪ್ರಿಂಟರ್ ಹಾಗೆಲ್ಲ ಅನ್ನುವುದಿಲ್ಲ.

ಕಿವಿ-ಮೂಗು-ಗಂಟಲಿನ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ, ನನ್ನ ದನಿಯ ತಂತುಗಳನ್ನು ಪರದೆಯ ಮೇಲೆ ನನಗೇ ತೋರಿಸಿದರು. ಎರಡು ಬೆಳ್ಳನೆಯ ಪಟ್ಟಿಗಳು, ಎರಡರ ಅಂಚಿನಲ್ಲೂ ಒಂದೊಂದು ಸಣ್ಣ ಗಂಟು. ಕೆಟ್ಟ ಗಂಟೇನಲ್ಲ, ಟೀಚರುಗಳಿಗೂ ಹಾಡುವವರಿಗೂ ಬರುತ್ತದೆ, ಆಪರೇಷನ್ ಈಗಲೇ ಬೇಡ ಎಂದರು. ಒಂದು ವಾರ ಬಾಯಿ ಮುಚ್ಚಿಕೊಂಡಿರಬೇಕು, ಆಮೇಲೆ ಅಬಿಡ್ಸ್‌ನಲ್ಲಿ ದನಿ ಪರೀಕ್ಷೆ ಮಾಡುವ ಥೆರಪಿಸ್ಟ್ ಒಬ್ಬರಿದ್ದಾರೆ, ಅವರನ್ನು ನೋಡಬೇಕು.

ಆ ಒಂದು ವಾರದ ಮೌನದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮೂಗರಂತಿದ್ದರೆ ಜನ ನಮ್ಮನ್ನು ಕಿವುಡರೆಂದೂ ತಿಳಿಯುತ್ತಾರೆ. ಆಟೋದವನಿಗೆ ಚೀಟಿಯಲ್ಲಿ ‘ಕುಷಾಯಿಗೂಡ’ ಎಂದು ಬರೆದು ತೋರಿಸಿದರೆ, ಅವನು “ಬೈಠೋ ಅಮ್ಮಾ, ಬೈಠೋ, ಛೋಡ್‌ತೂಂ” ಅಂದರೆ ಕೂತುಕೋ, ಬಿಟ್ಟುಬರುತ್ತೇನೆ ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿ, ಕೂರುವುದು ಹೇಗೆಂದು ಅಭಿನಯಿಸಿಯೂ ತೋರಿಸಿದ. ಮನೆಯಲ್ಲಿ ನಮ್ಮ ಮನೆಯವರು ಮೊದಲ ಎರಡು ದಿನ ಬಹಳ ಖುಷಿಯಾಗಿದ್ದರು, ಸುಳ್ಳೇಕೆ ಹೇಳಲಿ. ಟಿವಿ ಸದ್ದು ತಮಗೆ ಬೇಕಾದಷ್ಟು ಇಟ್ಟುಕೊಂಡರು, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರು. ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ಬಂದು ಸುಮ್ಮನೆ ನಿಂತರು. ನಾಲ್ಕನೆಯ ದಿನ ಟವೆಲ್ ತಂದು ನನ್ನ ಕಣ್ಣೆದುರೇ ಹಾಸಿಗೆಯ ಮೇಲೆ ಹಾಕಿ, “ಏನರ ಬೈ ನೋಡೂಣು. ಮನಿ ಬಣಬಣ ಅನ್ನಾಕತ್ತೈತಿ” ಎಂದರು. ನಾನು ಚೀಟಿಯಲ್ಲಿ ಬೈಗುಳ ಬರೆದುಕೊಟ್ಟೆ. ಓದಿ ಸಮಾಧಾನವಾದಂತೆ ಕಾಣಲಿಲ್ಲ.

ಅಬಿಡ್ಸ್‌ನ ಆ ಥೆರಪಿಸ್ಟ್ ಇದ್ದದ್ದು ಪುಸ್ತಕದಂಗಡಿಗಳ ಸಾಲಿನ ಮೇಲೆ, ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ವರಂಗಲ್ಲಿನ ಹುಡುಗಿ, ಸ್ರವಂತಿ ಎಂದು ಹೆಸರು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಮೊದಲು ಒಂದು ಫಾರಂ ತುಂಬಲು ಕೊಟ್ಟಳು. ಹೆಸರು, ವಯಸ್ಸು, ಉದ್ಯೋಗ. ಮಾತೃಭಾಷೆ ಎಂಬಲ್ಲಿ ‘ತೆಲುಗು’ ಎಂದು ಬರೆದೆ.

ನೀವು ನನ್ನನ್ನು ಬೈಯುವ ಮುಂಚೆ ಸ್ವಲ್ಪ ಕೇಳಿ. ಈ ಊರಿನಲ್ಲಿರುವ ನಮ್ಮಂಥವರಿಗೆ ಇದೊಂದು ಚಾಳಿ. ಮನೆಯ ಹೊಸ್ತಿಲು ದಾಟಿದೊಡನೆ ತೆಲುಗು, ಆಟೋ ಹತ್ತಿದರೆ ಹಿಂದಿ. ಕನ್ನಡ ಎಂದರೆ ‘ಅರೆ, ಬೆಂಗಳೂರಾ’ ಎಂದು ಶುರುವಾಗುತ್ತದೆ. ಬೆಂಗಳೂರಲ್ಲ ಬನಹಟ್ಟಿ, ಬನಹಟ್ಟಿ ಎಲ್ಲಿದೆ, ಜಮಖಂಡಿ ಹತ್ತಿರ, ಜಮಖಂಡಿ ಎಲ್ಲಿದೆ ಎಂದು ಅದು ಮುಗಿಯುವುದಿಲ್ಲ. ಅದಕ್ಕೇ ಬ್ಯಾಂಕಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ ಕೇಳಿದರೆ ತೆಲುಗೇ ಎಂದುಬಿಡುತ್ತೇನೆ. ಗಂಟಲಿನ ಫಾರಮ್ಮಿನಲ್ಲೂ ಕೈ ತಾನಾಗಿ ಅದನ್ನೇ ಬರೆಯಿತು.

ಆಮೇಲೆ ಪ್ರಶ್ನೆಗಳು. ಫೋನಿನಲ್ಲಿ ಮಾತಾಡುವುದನ್ನು ತಪ್ಪಿಸುತ್ತೀರಾ? ಮಾತಾಡಿದ ಮೇಲೆ ಕುತ್ತಿಗೆ ನೋಯುತ್ತದೆಯೇ? ದನಿಯ ದೆಸೆಯಿಂದ ನಿಮ್ಮನ್ನು ಯಾರಾದರೂ ದೂರ ಇಟ್ಟಿದ್ದಾರೆ ಅನಿಸುತ್ತದೆಯೇ? ಕೊನೆಯದಕ್ಕೆ ‘ಇಲ್ಲ’ ಎಂದು ಬರೆದು, ಹೊಡೆದು ಹಾಕಿ, ‘ಜೂನಿನಲ್ಲಿ ಗೊತ್ತಾಗುತ್ತದೆ’ ಎಂದು ಬರೆದೆ. ಆ ಹುಡುಗಿ ಅದನ್ನು ಓದಿ, ರೆಕಾರ್ಡರ್ ಶುರು ಮಾಡಿ, ಸ್ಟಾಪ್‌ವಾಚ್ ಕೈಗೆತ್ತಿಕೊಂಡಳು.

“ಚೆನ್ನಾಗಿ ಉಸಿರು ತೆಗೆದುಕೊಂಡು, ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು ‘ಆ’ ಅನ್ನಿ ಟೀಚರ್ ಗಾರು.”

ಅಂದೆ. ಮೊದಲು ಸಣ್ಣಗೆ, ಆಮೇಲೆ ಗರಗರ, ಆಮೇಲೆ ಬರೀ ಗಾಳಿ. ಏಳು ಸೆಕೆಂಡು. ಮತ್ತೆರಡು ಸಲ ಅನ್ನಿಸಿದಳು. ಏಳು, ಆರೂವರೆ. ಇದರ ಎರಡರಷ್ಟಾದರೂ ಬರಬೇಕಿತ್ತು ಎಂದಳು. ಹಾವಿನಂತೆ ‘ಸ್’ ಅನ್ನಿಸಿದಳು, ಜೇನಿನಂತೆ ‘ಝ್’ ಅನ್ನಿಸಿದಳು, ಕೆಳಗಿನ ದನಿಯಿಂದ ಮೇಲಿನ ದನಿಗೆ ಜಾರಿಸಿದಳು. ಒಂದರಿಂದ ಇಪ್ಪತ್ತರವರೆಗೆ ಎಣಿಸಲು ಹೇಳಿದಳು. ಗಣಿತದ ಟೀಚರಿಗೆ ಹದಿನಾರರಲ್ಲಿ ಉಸಿರು ಮುಗಿಯಿತು. ತೆಲುಗಿನ ಒಂದು ಪುಟ ಓದಿಸಿದಳು. ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಒರಟು ಎಷ್ಟು, ಗಾಳಿ ಎಷ್ಟು, ಬಿಗಿತ ಎಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಗುರುತು ಹಾಕುತ್ತಿದ್ದಳು. ಇಷ್ಟು ವರ್ಷ ಬೇರೆಯವರ ಮಕ್ಕಳಿಗೆ ಮಾರ್ಕ್ಸ್ ಹಾಕಿದ ನಾನು ಕತ್ತು ಚಾಚಿ ಅವಳ ಹಾಳೆ ನೋಡಲು ಯತ್ನಿಸಿದೆ. ಬಿಗಿತದ ಎದುರು ಮೂರು ಕಾಣಿಸಿತು. ಇಲ್ಲಿ ಹೆಚ್ಚು ಬಂದವರೇ ಫೇಲು ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು.

ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಬನಹಟ್ಟಿಯಿಂದ ಅಕ್ಕ. ಎತ್ತದಿದ್ದರೆ ಎತ್ತುವವರೆಗೂ ಬಿಡುವವಳಲ್ಲ. ಒಂದು ನಿಮಿಷ ಎಂದು ಸನ್ನೆ ಮಾಡಿ ಎತ್ತಿದೆ.

“ಯಾಕ ಗಿರಿಜಾ, ವಾರ ಆತು ಫೋನ್ ಇಲ್ಲ ಏನಿಲ್ಲ?”

“ದವಾಖಾನ್ಯಾಗ ಕುಂತೀನಿ ಅಕ್ಕಾ. ಆ ಅನ್ನು ಅಂದ್ರು, ಆ ಅನ್ನಾಕತ್ತೀನಿ.”

“ಎದಕ್ಕ?”

“ಎಷ್ಟೊತ್ತು ಅಂತೀನಂತ ಗಡಿಯಾರ ಹಿಡಕೊಂಡು ನೋಡಾಕತ್ತಾರ.”

“ಅದನ್ನ ನೋಡಾಕ ದವಾಖಾನಿ ಬೇಕಾತೇನು? ಇಲ್ಲಿ ಮಗ್ಗದ ಮುಂದ ನಿಂತು ಅಂದಿದ್ರ ನಾವ ಹೇಳತಿದ್ವಿ.”

ನಾನು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಕರೆ ಮಾಡುತ್ತೇನೆ, ಅವ್ವನ ಗುಳಿಗೆ ತಪ್ಪಿಸಬೇಡ ಎಂದೆಲ್ಲ ಹೇಳಿ ಫೋನ್ ಇಟ್ಟು ನೋಡಿದರೆ ಸ್ರವಂತಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು.

“ಈಗ ಮಾತಾಡಿದವರು ಯಾರು?”

“ನಮ್ಮ ಅಕ್ಕ.”

“ಅವರಲ್ಲ. ಈ ಕುರ್ಚಿಯಲ್ಲಿ ಕೂತು ಮಾತಾಡಿದವರು.”

ರೆಕಾರ್ಡರ್ ನಿಲ್ಲಿಸಿರಲಿಲ್ಲ. ಅವಳು ಹಿಂದಕ್ಕೆ ತಿರುಗಿಸಿ, ಮೊದಲು ನಾನು ತೆಲುಗಿನ ಪುಟ ಓದಿದ್ದನ್ನು ಕೇಳಿಸಿದಳು. ಸಣ್ಣನೆಯ, ಎತ್ತರದ, ಎಲ್ಲಿ ತಪ್ಪಾಗುತ್ತದೋ ಎಂದು ಹೆದರಿಕೊಂಡಂಥ ದನಿ. ಆಮೇಲೆ ಅಕ್ಕನ ಜೊತೆ ಆಡಿದ ಮಾತು. ಅದು ಕೆಳಗಿನ ದನಿ. ಸ್ವಲ್ಪ ಒರಟಿತ್ತು, ಆದರೆ ತುಂಬಿಕೊಂಡಿತ್ತು. ಒಂದೇ ಗಂಟಲು, ಒಂದೇ ಹತ್ತು ನಿಮಿಷ, ಆದರೂ ಇಬ್ಬರು ಬೇರೆ ಬೇರೆ ಹೆಂಗಸರು. ಅವಳು ಫಾರಂ ತೆಗೆದು ಬೆರಳಿಟ್ಟಳು. “ಮಾತೃಭಾಷೆ ತೆಲುಗು ಅಂತ ಬರೆದಿದ್ದೀರಲ್ಲ ಟೀಚರ್ ಗಾರು.” ಕಾಪಿ ಹೊಡೆದು ಸಿಕ್ಕಿಬಿದ್ದ ಎಷ್ಟೋ ಮಕ್ಕಳು ನನ್ನೆದುರು ನಿಂತಿದ್ದಾರೆ, ಅವರೆಲ್ಲ ಯಾಕೆ ನೆಲ ನೋಡುತ್ತಿದ್ದರು ಎಂದು ಆವತ್ತು ಗೊತ್ತಾಯಿತು.

“ನನಗೆ ಕನ್ನಡದ ಒಂದು ಮಾತೂ ಬರುವುದಿಲ್ಲ,” ಎಂದಳು. “ಅದೇ ಒಳ್ಳೆಯದಾಯಿತು, ಬರೀ ದನಿ ಕೇಳಿಸಿಕೊಂಡೆ. ನಿಮ್ಮ ಅಕ್ಕನಿಗೆ ಇನ್ನೊಂದೆರಡು ಮಾತು ಹೇಳುತ್ತಿದ್ದೇನೆ ಎಂದುಕೊಂಡು, ಅದೇ ಉಸಿರಿನಲ್ಲಿ ‘ಆ’ ಅನ್ನಿ.”

ಅಂದೆ. ಹನ್ನೊಂದು ಸೆಕೆಂಡು ಬಂತು.

ಗಂಟು ನಿಜವಾದದ್ದೇ, ಅದು ಒಂದು ಫೋನಿಗೆ ಕರಗುವುದಿಲ್ಲ ಎಂದು ಅವಳು ಸ್ಪಷ್ಟವಾಗಿ ಹೇಳಿದಳು. ಆದರೆ ಅಕ್ಕನ ಜೊತೆ ಮಾತಾಡುವಾಗ ಉಸಿರು ಹೊಟ್ಟೆಯಿಂದ ಬರುತ್ತಿದೆ, ಪಾಠದ ದನಿಗೆ ಮಾತ್ರ ಗಂಟಲನ್ನು ಮೇಲಕ್ಕೆತ್ತಿ ಹಿಚುಕುತ್ತಿದ್ದೀರಿ. ದಿನಕ್ಕೆ ಆರು ಪೀರಿಯಡ್ ಹಿಚುಕಿದರೆ ಯಾವ ತಂತು ತಡೆದೀತು ಎಂದಳು. ಕೂಗುವುದೂ ಒಳ್ಳೆಯದಲ್ಲ, ಅಕ್ಕನ ನೆಪ ಮಾಡಿಕೊಂಡು ಕೂಗಲು ಹೋಗಬೇಡಿ ಎಂದೂ ಎಚ್ಚರಿಸಿದಳು. ಕೊನೆಗೆ ಕೇಳಿದಳು, “ಆ ಸಣ್ಣ ದನಿ ಯಾವಾಗಿನಿಂದ?”

ಯಾವಾಗಿನಿಂದ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಶಾಲೆಗೆ ಸೇರಿದ ಮೊದಲ ವಾರ, ಎಂಟನೇ ತರಗತಿ. ಗಂಡನಿಂದಲೂ ಹಾಲು ಹಾಕುವವಳಿಂದಲೂ ಕಲಿತ ಅರ್ಧಂಬರ್ಧ ತೆಲುಗಿನಲ್ಲಿ, ಮಗ್ಗದ ಮನೆಯ ದನಿಯಲ್ಲಿ ಪಾಠ ಶುರು ಮಾಡಿದೆ. ಇಡೀ ಕ್ಲಾಸು ನಕ್ಕಿತು. ಮಾರನೆಯ ದಿನ ಯಾರೋ ನನ್ನ ಹಾಗೆಯೇ ಮಾತಾಡಿ ತೋರಿಸುತ್ತಿದ್ದದ್ದನ್ನು ಬಾಗಿಲ ಹೊರಗೆ ನಿಂತು ಕೇಳಿದೆ. ಆಗ ನಮ್ಮಲ್ಲಿ ತೆಲುಗು ಕಲಿಸುವ ಟೀಚರೊಬ್ಬರಿದ್ದರು, ಬಹಳ ನಯವಾದ ಎಳೆ ದನಿ ಅವರದು. ಅವರ ದನಿಯನ್ನು ಕದ್ದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ವರ್ಷದೊಳಗೆ ತೆಲುಗು ಚೆನ್ನಾಗಿ ಬಂತು, ನಗುವವರು ಇಲ್ಲವಾದರು. ದನಿಯನ್ನು ಮಾತ್ರ ವಾಪಸು ಕೊಡಲು ಮರೆತುಬಿಟ್ಟೆ. ಇದನ್ನೆಲ್ಲ ಅವಳಿಗೆ ಹೇಳುತ್ತ ಹೇಳುತ್ತ ನನಗೆ ಅಳು ಬಂತು. ದುಃಖ ಎನ್ನಲಾರೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದು ಇನ್ನೊಬ್ಬರ ದನಿಯಲ್ಲಿ ಎಂದು ತಿಳಿದಾಗ ಬರುವ ಅಳುವಿಗೆ ಏನೆನ್ನಬೇಕೋ ನನಗೆ ಗೊತ್ತಿಲ್ಲ. ಆ ಹುಡುಗಿ ಕುಡಿಯಲು ನೀರು ಕೊಟ್ಟಳು. ಫಾರಮ್ಮಿನಲ್ಲಿ ‘ತೆಲುಗು’ ಹೊಡೆದು ‘ಕನ್ನಡ’ ಎಂದು ಬರೆದಳು.

ರಜೆಯೆಲ್ಲ ಇದೇ ಕೆಲಸವಾಯಿತು. ವಾರಕ್ಕೊಮ್ಮೆ ಅಬಿಡ್ಸ್, ಉಳಿದ ದಿನ ಮನೆಯಲ್ಲಿ ಗುಳುಗುಳು. ಕೆಳಗಿನ ದನಿಯಲ್ಲಿ, ನಿಧಾನವಾಗಿ, ತೆಲುಗಿನಲ್ಲೇ ಮಗ್ಗಿ ಹೇಳಬೇಕು. ಸುಲಭವೆಂದುಕೊಂಡಿರಾ? ತೆಲುಗು ಬಾಯಿಗೆ ಬಂದೊಡನೆ ಗಂಟಲು ತಾನಾಗಿ ಮೇಲಕ್ಕೇರುತ್ತಿತ್ತು. ನಮ್ಮ ಮನೆಯವರನ್ನು ಎದುರು ಕೂರಿಸಿಕೊಂಡು ಪಾಠ ಮಾಡಿದೆ. ದನಿ ಏರಿದರೆ ಅವರು ಕೈ ಎತ್ತಬೇಕು. ಮೊದಲ ದಿನ ಅವರ ಕೈ ಕೆಳಗಿಳಿಯಲೇ ಇಲ್ಲ. “ಕೈ ಸೋತು ಬಂತಲ್ಲ, ಇದಕಿಂತ ಕಾರ್ಖಾನಿ ಛಲೋ” ಎಂದು ಗೊಣಗಿದರು. ಮೇ ಕೊನೆಗೆ ಅವರು ಕೈ ಎತ್ತುವುದು ಕಮ್ಮಿಯಾಗಿ, ಒಂದೆರಡು ಸಲ ಕೂತಲ್ಲೇ ತೂಕಡಿಸಿದರು. ಇನ್ನೊಮ್ಮೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು, ಗಂಟು ಕುಗ್ಗಿದೆ, ಪೂರ್ತಿ ಹೋಗಿಲ್ಲ, ಕ್ಲಾಸಿಗೆ ಹೋಗಿ ನೋಡಿ ಎಂದರು.

ಜೂನಿನಲ್ಲಿ ಶಾಲೆ ಶುರುವಾದ ದಿನ ನನಗೆ ಏಳನೇ ತರಗತಿ ಕೊಟ್ಟಿದ್ದರು. ಹೋದ ವರ್ಷ ಆರರಲ್ಲಿದ್ದ, ನನ್ನನ್ನು ಬಲ್ಲ ಮಕ್ಕಳೇ. ಒಳಗೆ ಹೋಗುವಾಗ ಹೆಡ್‌ಮಿಸ್ಟ್ರೆಸ್ ಕಾರಿಡಾರಿನಲ್ಲಿ ನಿಂತಿದ್ದರು. ನೋಟಿಸ್ ಬೋರ್ಡು ಓದುವವರ ಹಾಗೆ ನಿಂತಿದ್ದರು, ಬೋರ್ಡು ಖಾಲಿಯಿತ್ತು. ಹೊಟ್ಟೆಯಿಂದ ಉಸಿರೆಳೆದುಕೊಂಡು ಕೆಳಗಿನ ದನಿಯಲ್ಲಿ, “ಕೂತುಕೊಳ್ಳಿ, ಪುಸ್ತಕ ತೆಗೆಯಿರಿ” ಎಂದು ತೆಲುಗಿನಲ್ಲಿ ಹೇಳಿದೆ. ನಡುವಿನ ಬೆಂಚಿನಿಂದ ಕಿಸಕ್ಕನೆ ಒಂದು ನಗು, ಅದರ ಹಿಂದೆ ನಾಲ್ಕಾರು. ನನ್ನ ಗಂಟಲು ಮೇಲಕ್ಕೇರಲು ಹೊರಟದ್ದು ನನಗೇ ಗೊತ್ತಾಯಿತು. ನಾನು ಬೋರ್ಡಿನ ಕಡೆ ತಿರುಗಲಿಲ್ಲ. ಮಕ್ಕಳನ್ನೇ ನೋಡುತ್ತ ನಿಂತೆ. ನಗು ತಾನಾಗಿ ಮುಗಿಯಿತು. ಮುಗಿಯಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ನಗುತ್ತಿರಲಿಲ್ಲ, ನಿಜವಾಗಿ ಚಿಂತೆ ಮಾಡುತ್ತಿದ್ದಳು.

“ಟೀಚರ್, ನಿಮ್ಮ ಗಂಟಲು ಇನ್ನೂ ಸರಿಹೋಗಿಲ್ಲವಾ?”

“ಸರಿಹೋಗಿದೆ ಅಮ್ಮಾ,” ಎಂದೆ. “ಇದೇ ನನ್ನ ದನಿ. ಅಲ್ಲಿಗೆ ಕೇಳಿಸುತ್ತಿದೆಯಾ?”

“ಕೇಳಿಸುತ್ತಿದೆ ಟೀಚರ್.”

ಕಾರಿಡಾರಿನಲ್ಲಿ ಹೆಡ್‌ಮಿಸ್ಟ್ರೆಸ್ಸರ ಚಪ್ಪಲಿಯ ಸದ್ದು ನಿಧಾನವಾಗಿ ಆಫೀಸಿನ ಕಡೆಗೆ ಹೋಯಿತು. ನಾನು ಸೀಮೆಸುಣ್ಣ ತೆಗೆದುಕೊಂಡು, ಭಿನ್ನರಾಶಿಯಿಂದ ಶುರು ಮಾಡಿದೆ.